ಹಲ್ಲು ಸರಿಸುವ ಬಲ

ಹಲ್ಲು ಬಂಡೆಯಲ್ಲಿ ನೆಟ್ಟ ಗೂಟದಂತೆ ಅಚಲವೆಂದು ನಮ್ಮ ಭಾವನೆ. ಆದರೆ ಅದು ಸರಿಯುತ್ತದೆಂಬ ಅರಿವು ಬಹು ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಸೆಲ್ಸಸ್, ಹಾಲುಹಲ್ಲು ಬೀಳುವ ಮೊದಲೇ ಹೊಸದು ಮೂಡಿದರೆ ಹಳೆಯದನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಒತ್ತಬೇಕೆಂದು ಬರೆದನು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್, ಲೋಹದ ಪಟ್ಟಿಗೆ ದಾರದಿಂದ ಹಲ್ಲುಗಳನ್ನು ಬಿಗಿಯುವ ಕ್ರಮವನ್ನು ಗ್ರಂಥಸ್ಥಗೊಳಿಸಿದನು.

ಹಲ್ಲು ಸರಿಯುವ ಬಗೆಯನ್ನು ಪ್ರಯೋಗದಿಂದ ಕಂಡವನು ಸ್ವೀಡನ್ನಿನ ಸ್ಯಾಂಡ್‌ಸ್ಟೆಟ್. ಬೇರಿಗೂ ಎಲುಬಿಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ತಂತುಪೊರೆಯುಂಟು. ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಸೆಳೆತವಿರುವ ಕಡೆ ಹೊಸ ಎಲುಬು ಬೆಳೆಯುತ್ತದೆ ಎಂದು ಅವನು 1904ರ ಸುಮಾರಿಗೆ ತೋರಿಸಿದನು. ಒತ್ತಡ ಅತಿಯಾದರೆ ರಕ್ತ ಹರಿಯದೆ ಪೊರೆ ಸಾಯುತ್ತದೆ. ಹಲ್ಲು ನಿಂತಲ್ಲೇ ನಿಲ್ಲುತ್ತದೆ. 1932ರಲ್ಲಿ ಶ್ವಾರ್ಟ್ಸ್ ಸೂಚಿಸಿದ ಹಿತಮಿತ ಒತ್ತಡ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಮಾತ್ರ!

1432ರಲ್ಲಿ ಕಾರ್ಕಳದಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಗೊಮ್ಮಟನನ್ನು ಬೇರೆಡೆ ಕಡೆದು ಬೆಟ್ಟಕ್ಕೇರಿಸಿದರೆಂದು ಪ್ರತೀತಿ. ಅಂಥ ಕಾರ್ಯದಲ್ಲಿ ಕೈಗಳು ಹೆಚ್ಚಿದಷ್ಟೂ ಕೆಲಸ ಹಗುರ. ಬಾಯಿಯೊಳಗಿನ ನ್ಯಾಯವೇ ಬೇರೆ.

ಬಲದ ಪ್ರಮಾಣದಂತೆಯೇ ಅದು ತಾಗುವ ಸ್ಥಾನವೂ ಮುಖ್ಯ. ಕಾಪುವಿನ ಕಡಲಲ್ಲಿ ತೇಲುವ ದೋಣಿಯ ಒಂದು ತುದಿಯನ್ನು ಅಡ್ಡಕ್ಕೆ ತಳ್ಳಿದರೆ ದೋಣಿ ತಿರುಗುತ್ತದೆ. ನಡುವನ್ನು ತಳ್ಳಿದರೆ ನೇರ ಸರಿಯುತ್ತದೆ. ಹಲ್ಲಿನ ‘ನಡು’ ಇರುವುದು ಎಲುಬಿನೊಳಗಣ ಬೇರಿನಲ್ಲಿ; ವೈದ್ಯನ ಕೈಗೆ ಸಿಗುವುದು ಹೊರಗಿನ ತಲೆ ಮಾತ್ರ. ತಲೆಯನ್ನಷ್ಟೇ ತಳ್ಳಿದರೆ ಹಲ್ಲು ವಾಲುತ್ತದೆ. ಅದಕ್ಕೆಂದೇ ಎದುರು ತಿರುಚು ಬೇಕು. 1928ರಲ್ಲಿ ಅಮೆರಿಕದ ಆಂಗಲ್ ಪ್ರಕಟಿಸಿದ ಸಾಧನದಲ್ಲಿ ಚೌಕ ಗಾಡಿಯೊಳಗೆ ಕೂತ ಚಪ್ಪಟೆ ತಂತಿ ಈ ತಿರುಚನ್ನು ಬೇರಿನವರೆಗೆ ಮುಟ್ಟಿಸಿತು.

ಮಣಿಪಾಲದಲ್ಲಿ ದಂತವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾದ ಮೇಲೆ ಈ ವಿದ್ಯೆ ಉಡುಪಿಯ ಸುತ್ತಲಿನವರಿಗೂ ಸಮೀಪವಾಯಿತು. ಮಗಳ ಮದುವೆಗೆ ಮುಂಚೆ ಹಲ್ಲು ನೇರವಾಗಲೆಂದು ಅವಸರಪಡುವ ಹೆತ್ತವರು ಒಂದು ಮಾತನ್ನು ನೆನಪಿಡಬೇಕು: ಹಲ್ಲು ತಿಂಗಳಿಗೆ ಸರಿಯುವುದು ಸುಮಾರು ಒಂದು ಮಿಲಿಮೀಟರ್. ತಂತಿ ಬಿಗಿದಷ್ಟೂ ಬೇಗವೆಂದು ಹಟ ಹಿಡಿದರೆ ಬೇರೇ ಸವೆದೀತು. ತಂತಿ ತೆಗೆದ ಮೇಲೂ ಎಲುಬು ಗಟ್ಟಿಯಾಗುವವರೆಗೆ ಹಲ್ಲನ್ನು ಹಿಡಿದಿಡಬೇಕು. ಇಲ್ಲವಾದರೆ ಅದು ಹಳೆಯ ಜಾಗಕ್ಕೆ ಮರಳುತ್ತದೆ.