ಬೆಂಗಳೂರಿನ ಹೊರವಲಯದಲ್ಲಿ ಹಾಡಿನ ನಕಲು: ಒಂದು ಚಾರಿತ್ರಿಕ ವಿವೇಚನೆ

ಹಾಡಿದವನಿಗೆ ಬೆಲೆ ತೆರದೆ ಹಾಡನ್ನು ಮನೆಗೆ ಕೊಂಡೊಯ್ಯುವುದು ತಪ್ಪೇ ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ಹೊಳೆದಿರಲಾರದು. ಜಾತ್ರೆಯಲ್ಲಿ ಕಂಸಾಳೆಯವರು ಹಾಡಿದುದನ್ನು ಕೇಳಿದವರೆಲ್ಲರೂ ಕಂಠದಲ್ಲಿಯೇ ಕೊಂಡೊಯ್ಯುತ್ತಿದ್ದರು. ಮನಸ್ಸು ಬಂದವರು ಕಾಸು ಹಾಕುತ್ತಿದ್ದರು. ಹಾಡು ಗ್ರಾಮಫೋನ್ ತಟ್ಟೆಗೆ, ಅನಂತರ ಕ್ಯಾಸೆಟ್ಟಿಗೆ ಇಳಿದು ಮಾರಾಟದ ಸರಕಾದಾಗ ಈ ಪ್ರಶ್ನೆ ಹುಟ್ಟಿತು. ಇಂಟರ್‌ನೆಟ್ಟಿನಿಂದಾಗಿ ನಕಲು ಮಾಡಲು ಖರ್ಚೇ ಇಲ್ಲದಂತಾದಾಗ ತೀಕ್ಷ್ಣವಾಯಿತು. ಪ್ರಸ್ತುತ ಲೇಖನದಲ್ಲಿ ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸಿದೆ. ಈ ಪ್ರದೇಶವನ್ನೇ ಆರಿಸಿಕೊಳ್ಳಲು ಕಾರಣವುಂಟು. ಹಾಡನ್ನು ಕಾಯುವ ಕೃತಿಸ್ವಾಮ್ಯ ಕಾಯಿದೆಯೇ ಇಲ್ಲಿಯ ಸಹಸ್ರಾರು ಜನರ ಅನ್ನವನ್ನೂ ಕಾಯುತ್ತಿದೆ.

ಹಾಡಿನ ನಕಲು ಇಂಟರ್‌ನೆಟ್ಟಿನೊಂದಿಗೆ ಬಂದುದಲ್ಲ. 1978ರ ‘ನಿತ್ಯೋತ್ಸವ’ದ ತರುವಾಯ ಭಾವಗೀತೆಗಳ ಕ್ಯಾಸೆಟ್ಟುಗಳು ಒಂದರ ಹಿಂದೊಂದು ಹೊರಬಂದುವು. ಬೇಕಾದ ಹಾಡುಗಳ ಪಟ್ಟಿಯನ್ನು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಗಳು ಪೇಟೆಗಳಲ್ಲಿದ್ದುವು. ಹೀಗೆ ತುಂಬಿಸಿ ತಂದ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ನಮ್ಮ ತಂದೆಯವರು ಹಾಡುಗಳ ಹೆಸರನ್ನು ದುಂಡಗೆ ಬರೆದಿಡುತ್ತಿದ್ದರು. ಅದನ್ನು ಕಳವೆಂದು ಕರೆದವರನ್ನು ನಾನು ಬಾಲ್ಯದಲ್ಲಿ ಕಾಣಲಿಲ್ಲ. ಕಾಯಿದೆಯೇನೋ ಇದ್ದಿತು. 1957ರ ಅಧಿನಿಯಮವು 1958ರ ಜನವರಿ 21ರಂದು ಜಾರಿಗೆ ಬಂದಿದ್ದು, 1984ರ ತಿದ್ದುಪಡಿಯು ಉಲ್ಲಂಘನೆಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದ್ದಿತು.

2010ರ ದಶಕದ ಮೊದಲ ವರ್ಷಗಳಲ್ಲಿ ನಾನು ಪೀಣ್ಯದ ಎರಡನೆಯ ಹಂತದ ಸಮೀಪದಲ್ಲಿ ಬಾಡಿಗೆಗಿದ್ದೆನು. ಪಾಳಿ ಬಿಡುವ ಹೊತ್ತಿಗೆ ರೀಚಾರ್ಜ್ ಅಂಗಡಿಗಳ ಮುಂದೆ ಲೇತ್ ಕೆಲಸದ ಹುಡುಗರೂ ಗಾರ್ಮೆಂಟ್ಸಿನ ಹೆಣ್ಣುಮಕ್ಕಳೂ ಮೊಬೈಲಿನ ಮೆಮೊರಿ ಕಾರ್ಡನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟರೆ ಅಂಗಡಿಯವನು ತನ್ನ ಕಂಪ್ಯೂಟರಿನಿಂದ ನೂರಾರು ಹಾಡುಗಳನ್ನು ಆ ಕಾರ್ಡಿಗೆ ತುಂಬುತ್ತಿದ್ದನು. ಉತ್ತರ ಕರ್ನಾಟಕದಿಂದ ಬಂದವರು ತಮ್ಮ ಸೀಮೆಯ ಜಾನಪದ ಹಾಡುಗಳನ್ನು ಕೇಳುತ್ತಿದ್ದರು, ಬಿಹಾರದವರು ಭೋಜಪುರಿಯನ್ನು. ಇದನ್ನು ಬಿಟ್ಟಿ ಹಾಡೆಂದು ಕರೆಯುವುದು ಸರಿಯಲ್ಲ. ಕೇಳುಗನು ತನ್ನ ಕೂಲಿಯಲ್ಲಿ ಬೆಲೆ ತೆತ್ತನು. ಆದರೆ ಆ ಹಣ ಹಾಡಿನವರತ್ತ ಹೋಗುವ ದಾರಿಯೇ ಇರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಸ್ಥಿತಿ ಬೇರೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಭೂಮಿಯಲ್ಲಿ ಸ್ಥಾಪಿಸಿದ ಈ ಬಡಾವಣೆ ಮುಂದೆ ಸಾಫ್ಟ್‌ವೇರಿನ ಊರಾಯಿತು. ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ಯೆಂದು ಪರಿಗಣಿಸಿದುದು ಮೇಲೆ ಹೇಳಿದ 1984ರ ತಿದ್ದುಪಡಿಯೇ. (ಕುಮಾರವ್ಯಾಸನ ಪಂಕ್ತಿಯಲ್ಲಿ ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಮು ಬಂದು ಕುಳಿತ ಬಗೆ ಇದು.) 1994ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಕಳ್ಳ ಪ್ರತಿಯೆಂದು ತಿಳಿದೂ ಪ್ರೋಗ್ರಾಮನ್ನು ಬಳಸುವವನಿಗೆ ಕನಿಷ್ಠ ಏಳು ದಿನಗಳ ಸೆರೆವಾಸವನ್ನು ಗೊತ್ತುಮಾಡಿತು. ಹಾಡನ್ನು ಕೇವಲ ಕೇಳುವವನಿಗೆ ಇಂತಹ ಶಿಕ್ಷೆ ಎಂದೂ ಇರಲಿಲ್ಲ.

ಇಲ್ಲಿಯ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಸಹಪಾಠಿಯೊಬ್ಬನು ಹೇಳಿದ ಸಂಗತಿಯನ್ನು ಇಲ್ಲಿ ನೆನೆಯಬಹುದು. ಆತನ ಕಚೇರಿಯಲ್ಲಿ ಪ್ರತಿಯೊಂದು ಪ್ರೋಗ್ರಾಮಿನ ಲೈಸೆನ್ಸನ್ನೂ ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಿದ್ದರಂತೆ. ಅದೇ ಕಂಪ್ಯೂಟರುಗಳಲ್ಲಿ ಸಿಬ್ಬಂದಿಯವರೆಲ್ಲರೂ ಹಂಚಿಕೊಳ್ಳುತ್ತಿದ್ದ ಸಾವಿರಾರು ಹಾಡುಗಳಿದ್ದುವು. ಅವುಗಳ ವಿಚಾರವನ್ನು ಯಾರೂ ಎತ್ತಲಿಲ್ಲ. ನನ್ನ ಅಭಿಪ್ರಾಯದಲ್ಲಿ ಪೀಣ್ಯದ ಕೂಲಿಗಾರನನ್ನೂ ಈ ಇಂಜಿನಿಯರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಲೈಸೆನ್ಸ್ ಎಂದರೇನೆಂಬುದನ್ನು ಎರಡನೆಯವನು ಚೆನ್ನಾಗಿ ಬಲ್ಲನು. ಅದರ ಮೇಲೆಯೇ ಅವನ ಸಂಬಳ ನಿಂತಿದೆ.

ಈ ವರ್ಗದವರು ಸಾಮಾನ್ಯವಾಗಿ ಕೊಡುತ್ತಿದ್ದ ಸಮಾಧಾನ ಒಂದುಂಟು: ನಾವು ಹಣ ಕೊಟ್ಟರೂ ಅದು ಕಂಪೆನಿಗೆ ಸೇರುತ್ತದೆಯೇ ವಿನಾ ಕವಿಗಾಗಲಿ ಸಂಗೀತಗಾರನಿಗಾಗಲಿ ಸೇರುವುದಿಲ್ಲ. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಭಾರತೀಯ ಪ್ರದರ್ಶನ ಹಕ್ಕುಗಳ ಸಂಘಕ್ಕೂ ಚಲನಚಿತ್ರೋದ್ಯಮದವರಿಗೂ ನಡೆದ ವ್ಯಾಜ್ಯದಲ್ಲಿ, ನಿರ್ಮಾಪಕನು ಸಂಭಾವನೆ ಕೊಟ್ಟು ಬರೆಯಿಸಿ ರಾಗ ಹಾಕಿಸಿದ ಹಾಡಿಗೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಅವನೇ ಪ್ರಥಮ ಸ್ವಾಮಿಯೆಂದು ತೀರ್ಮಾನಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪಿಗೆ ಪ್ರತ್ಯೇಕ ಟಿಪ್ಪಣಿಯೊಂದನ್ನು ಸೇರಿಸಿ, ಗಾಯಕನಿಗೆ ಕಾಯಿದೆಯಲ್ಲಿ ಏನೂ ಇಲ್ಲದಿರುವುದಕ್ಕೆ ವಿಷಾದಪಟ್ಟರು. ಚಿ. ಉದಯಶಂಕರ್ ಅವರು ಬರೆಯುತ್ತಿದ್ದ, ರಾಜನ್–ನಾಗೇಂದ್ರ ಅವರು ರಾಗ ಹಾಕುತ್ತಿದ್ದ ಕಾಲದಲ್ಲಿ ನಿಯಮ ಇದೇ ಆಗಿದ್ದಿತು. ಗಾಯಕರಿಗೆ 1994ರ ತಿದ್ದುಪಡಿಯಿಂದ ಕೆಲವು ಹಕ್ಕುಗಳು ದೊರೆತುವು. ಕವಿಯೂ ಸಂಗೀತ ನಿರ್ದೇಶಕನೂ ಬಿಟ್ಟುಕೊಡಲಾಗದಂತಹ ಗೌರವಧನದ ಪಾಲು ಬಂದುದು 2012ರ ಜೂನ್ 21ರಂದು ಜಾರಿಯಾದ ತಿದ್ದುಪಡಿಯಿಂದ. ಅಂದರೆ ಇಂಜಿನಿಯರನ ಸಮಾಧಾನಕ್ಕೆ ಅಲ್ಲಿಯವರೆಗೆ ಅರ್ಧ ಆಧಾರವಿದ್ದಿತು. ಅನಂತರ ಅದೂ ಕುಸಿಯಿತು.

ಕಾನೂನಿನ ಕೈ ಮೊದಲು ಬಿದ್ದುದು ಯಾರ ಮೇಲೆ ಎಂಬುದೂ ಗಮನಾರ್ಹ. 2006ರಲ್ಲಿ ಪ್ರಾರಂಭವಾದ ‘ಗುರೂಜಿ.ಕಾಂ’ ಬೆಂಗಳೂರಿನದೇ ಆದ ಶೋಧ ತಾಣ. ಹಾಡಿನ ಹೆಸರನ್ನು ಬರೆದರೆ ಅದು ಇಂಟರ್‌ನೆಟ್ಟಿನಲ್ಲಿ ಎಲ್ಲಿದೆಯೆಂಬುದನ್ನು ಆ ತಾಣ ತೋರಿಸುತ್ತಿದ್ದಿತು. 2010ರಲ್ಲಿ ಟಿ-ಸೀರೀಸ್ ಕಂಪೆನಿಯ ದೂರಿನ ಮೇಲೆ ಪೊಲೀಸರು ಅದರ ಮುಖ್ಯಸ್ಥರನ್ನು ಬಂಧಿಸಿದರು. ದೂರು ಕೊಟ್ಟ ಕಂಪೆನಿಯ ಪೂರ್ವಚರಿತ್ರೆಯೂ ಸ್ವಾರಸ್ಯವಾದುದು: 1980ರ ದಶಕದಲ್ಲಿ ಹಳೆಯ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ, ಅಗ್ಗದ ಕ್ಯಾಸೆಟ್ಟುಗಳಲ್ಲಿ ಮಾರಿ ಅದು ಬೆಳೆದಿದ್ದಿತು. ಅದಕ್ಕೆ ಕಾಯಿದೆಯಲ್ಲಿಯೇ ಅವಕಾಶವಿದ್ದಿತೆಂಬುದು ನಿಜ. 2012ರ ತಿದ್ದುಪಡಿಯು ದಾರಿ ತೋರಿಸುವ ಇಂತಹ ಮಧ್ಯವರ್ತಿಗಳಿಗೆ ಕೊಂಚ ರಕ್ಷಣೆಯನ್ನಿತ್ತಿತು.

ಹಾಡನ್ನು ನ್ಯಾಯವಾಗಿ ಕೊಳ್ಳುವ ಅಂಗಡಿ ತೆರೆದರೆ ಜನ ಕೊಳ್ಳುತ್ತಾರೆಂದು ಆಗ ಹಲವರು ವಾದಿಸುತ್ತಿದ್ದರು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಅಂತಹ ಅಂಗಡಿಯನ್ನೇ ತೆರೆಯಿತು. ಹಾಡೊಂದಕ್ಕೆ ಆರು ರೂಪಾಯಿಯಿಂದ ಬೆಲೆ. ದರ್ಶಿನಿಯ ಒಂದು ಕಾಫಿಗಿಂತ ಹೆಚ್ಚೇನೂ ಅಲ್ಲ. 2013ರ ಜೂನಿನಲ್ಲಿ ಅದು ಮುಚ್ಚಿತು. ಕಳ್ಳ ನಕಲು ಮತ್ತು ಸಣ್ಣ ಮೊತ್ತವನ್ನು ಪಾವತಿ ಮಾಡುವ ತೊಡಕು ಇವೆರಡನ್ನೂ ಸಂಸ್ಥೆಯು ಕಾರಣವಾಗಿ ಹೇಳಿತು. ಎರಡನೆಯ ಕಾರಣ ಪೀಣ್ಯದವರಿಗೆ ಸಲ್ಲುವಂತಹುದು. ಸಂಬಳ ಬ್ಯಾಂಕಿಗೆ ಬೀಳುತ್ತಿದ್ದ ವೈಟ್‌ಫೀಲ್ಡಿನವರಿಗೆ ಸಲ್ಲದು.

2012ರ ತಿದ್ದುಪಡಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಮತ್ತೊಂದು ಅಂಶವಿದೆ. ಖಾಸಗಿ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗಕ್ಕೆ 52ನೆಯ ವಿಧಿ ಕೊಟ್ಟಿದ್ದ ವಿನಾಯಿತಿಯು ಅಲ್ಲಿಯವರೆಗೆ ಧ್ವನಿಮುದ್ರಣಕ್ಕೆ ಅನ್ವಯಿಸುತ್ತಿರಲಿಲ್ಲ. ಆ ವರ್ಷ ಅದನ್ನು ಎಲ್ಲ ಕೃತಿಗಳಿಗೂ ವಿಸ್ತರಿಸಲಾಯಿತು. ಹೊರಗುಳಿದುದು ಒಂದೇ, ಕಂಪ್ಯೂಟರ್ ಪ್ರೋಗ್ರಾಮು. ನಮ್ಮ ತಂದೆಯವರ ಕ್ಯಾಸೆಟ್ಟಿಗೆ ಇಲ್ಲದಿದ್ದ ದಾಕ್ಷಿಣ್ಯ ಹೀಗೆ ತಡವಾಗಿ ಬಂದಿತು. ಎಲೆಕ್ಟ್ರಾನಿಕ್ ಸಿಟಿಯ ಸರಕಿಗೆ ಒಂದು ಅಳತೆ, ಕನ್ನಡದ ಹಾಡಿಗೆ ಇನ್ನೊಂದು.

2014ರಲ್ಲಿ ಕರ್ನಾಟಕ ಸರ್ಕಾರವು, ತಮಿಳುನಾಡು ಹತ್ತು ವರ್ಷಗಳ ಹಿಂದೆ ಮಾಡಿದಂತೆ, 1985ರ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು ಧ್ವನಿ ಮತ್ತು ದೃಶ್ಯಗಳ ಕಳ್ಳ ನಕಲುದಾರರನ್ನೂ ‘ಡಿಜಿಟಲ್ ಅಪರಾಧಿ’ಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆ ಕಾಯಿದೆಯಂತೆ ವಿಚಾರಣೆಗೆ ಮೊದಲೇ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಕಳ್ಳಭಟ್ಟಿಯವರ ಸಾಲಿನಲ್ಲಿ ಹಾಡು ನಕಲು ಮಾಡುವವನನ್ನು ನಿಲ್ಲಿಸಿದುದು ಅತಿರೇಕವೆಂದೇ ನನ್ನ ಎಣಿಕೆ. ಅಲ್ಲದೆ, ‘ಡಿಜಿಟಲ್ ಅಪರಾಧಿ’ಯ ವ್ಯಾಖ್ಯೆಯಲ್ಲಿರುವ ವಾಣಿಜ್ಯ ಉದ್ದೇಶವೆಂಬ ಮಾತಿಗೆ ಸಿಕ್ಕಿಬೀಳುವವನು ಹತ್ತು ರೂಪಾಯಿಗೆ ಕಾರ್ಡು ತುಂಬುವ ಅಂಗಡಿಯವನು, ಹಣ ಕೇಳದೆ ಸಾವಿರ ಹಾಡುಗಳನ್ನು ಗೆಳೆಯರಿಗೆ ಹಂಚಿದ ಇಂಜಿನಿಯರನಲ್ಲ.

ಕಳೆದ ವರ್ಷ ಪೀಣ್ಯದ ಆ ಅಂಗಡಿಗೆ ಹೋಗಿದ್ದೆನು. ಹಾಡು ತುಂಬುವ ಕೆಲಸ ಎಂದೋ ನಿಂತುಹೋಗಿದೆ. ಚಾರ್ಜರು, ಇಯರ್‌ಫೋನು, ಗಾಜಿನ ಹೊದಿಕೆಗಳ ವ್ಯಾಪಾರ ನಡೆಯುತ್ತಿದೆ. ಅಂಗಡಿಯ ಹುಡುಗನು ಯೂಟ್ಯೂಬಿನಲ್ಲಿ ಜಾನಪದ ಹಾಡೊಂದನ್ನು ಹಾಕಿಕೊಂಡಿದ್ದನು. ನಡುವೆ ಜಾಹೀರಾತು ಬಂದಾಗ ತಲೆಯೆತ್ತದೆಯೇ ಹೆಬ್ಬೆರಳಿನಿಂದ ಅದನ್ನು ದಾಟಿಸಿದನು.