ಬೊಕ್ಕಸದ ಕೀಲಿಕೈ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ನಮ್ಮ ಹಿರಿಯರ ಈ ಮಾತು ಒಕ್ಕಲುತನಕ್ಕೆ ಎಷ್ಟು ಸಲ್ಲುತ್ತದೆಯೋ ರಾಜ್ಯಭಾರಕ್ಕೂ ಅಷ್ಟೇ ಸಲ್ಲುತ್ತದೆ. ಬೊಕ್ಕಸದ ಕೀಲಿಕೈ ಹಿಡಿದವರು ತಮ್ಮ ಪಾಲನ್ನು ತಾವೇ ಅಳೆದುಕೊಳ್ಳಬಹುದೇ ಎಂಬುದು ಮಲಪ್ರಭೆಯ ಸೀಮೆಗೆ ಹೊಸ ಪ್ರಶ್ನೆಯಲ್ಲ.

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ಧಾರವಾಡದ ಕಲೆಕ್ಟರ ಥ್ಯಾಕರೆ ದತ್ತಕವನ್ನು ಒಪ್ಪದೆ ಸಂಸ್ಥಾನದ ಖಜಾನೆಗೆ ಮುದ್ರೆ ಒತ್ತಿಸಿದ. ಮುಂದಿನದು ಎಲ್ಲರೂ ಬಲ್ಲ ಕಥೆ. ಅಕ್ಟೋಬರ 23ರಂದು ಥ್ಯಾಕರೆ ಯುದ್ಧದಲ್ಲಿ ಮಡಿದ. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕಣ್ಣು ಮುಚ್ಚಿದಳು. ಅಲ್ಲಿ ಕೀಲಿಕೈ ಕಸಿದವರು ಪರದೇಶಿಗಳು.

ರಾಮದುರ್ಗದಲ್ಲಿ ಹಾಗಲ್ಲ. ಭಾವೆ ಮನೆತನದ ಆ ಚಿಕ್ಕ ಸಂಸ್ಥಾನದಲ್ಲಿ ಕಾನೂನು ಮಾಡುವವರು, ತೆರಿಗೆ ಹಾಕುವವರು, ವೆಚ್ಚ ಮಾಡುವವರು ಎಲ್ಲರೂ ಅರಮನೆಯವರೇ. ತೆರಿಗೆಯ ಭಾರ ತಗ್ಗಿಸಿರೆಂದು ಪ್ರಜಾಸಂಘ ಕೇಳಿತು. ಮುಂದಾಳುಗಳನ್ನು ಸೆರೆಹಿಡಿದಾಗ, 1939ರ ಏಪ್ರಿಲ್ 7ರಂದು, ರೊಚ್ಚಿಗೆದ್ದ ಜನ ಸೆರೆಮನೆಯ ಮೇಲೆ ಬಿದ್ದರು; ಪೋಲೀಸರು ಸತ್ತರು. ಆ ಹಿಂಸೆಯನ್ನು ಗಾಂಧೀಜಿ ಖಂಡಿಸಿದರು. ಕೇಳುವುದಕ್ಕೊಂದು ಸಭೆಯಿಲ್ಲದ ಕಡೆ ದುಃಖವು ಬೀದಿಗೆ ಬರುತ್ತದೆ ಎಂಬ ಪಾಠ ಮಾತ್ರ ಉಳಿಯಿತು.

1948ರ ಮಾರ್ಚ್ 8ರಂದು ರಾಮದುರ್ಗ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಸೀಮೆಯೆಲ್ಲ ಕನ್ನಡ ರಾಜ್ಯಕ್ಕೆ ಸೇರಿತು. ಕೀಲಿಕೈ ಜನರ ಪ್ರತಿನಿಧಿಗಳ ಕೈಗೆ ಬಂದಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆಯಿಂದ ಇಂದು ಒಬ್ಬೊಬ್ಬ ಶಾಸಕರು ಆರಿಸಿ ಹೋಗುತ್ತಾರೆ. ಶಾಸಕರ ಸಂಬಳವನ್ನು ಶಾಸನಸಭೆಯೇ ಕಾನೂನಿನಿಂದ ಗೊತ್ತುಮಾಡಬೇಕೆಂದು ಸಂವಿಧಾನದ 195ನೆಯ ವಿಧಿ ಹೇಳುತ್ತದೆ. ಅದರಂತೆ 1956ರ ಕಾಯದೆ ಬಂದಿತು. ಅದಕ್ಕೆ ತಿದ್ದುಪಡಿಗಳೂ ಬಂದವು.

ಸಂಬಳವೇ ತಪ್ಪೆನ್ನಬಾರದು. ಬ್ರಿಟನ್ನಿನಲ್ಲಿ 1911ರವರೆಗೆ ಪಾರ್ಲಿಮೆಂಟಿನ ಸಾಮಾನ್ಯ ಸದಸ್ಯರಿಗೆ ಸಂಬಳವಿರಲಿಲ್ಲ. ಆದುದರಿಂದ ಉಳ್ಳವರಿಗೆ ಸಭೆ ಸುಲಭವಾಗಿತ್ತು, ದುಡಿದು ತಿನ್ನುವವನಿಗೆ ದೂರವಾಗಿತ್ತು. ಬಡವನ ಮಗನೂ ಸಭೆಗೆ ಹೋಗಬೇಕಾದರೆ ಸಂಬಳ ಬೇಕೇ ಬೇಕು. ಪ್ರಶ್ನೆ ಇರುವುದು ಅಳೆಯುವ ಕೈಯದು.

2022ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಸಕರ ಮಾಸಿಕ ಸಂಬಳ 25,000 ರೂಪಾಯಿಯಿಂದ 40,000ಕ್ಕೆ ಏರಿತು. ಮೂರೇ ವರ್ಷಗಳಲ್ಲಿ, 2025ರ ಮಾರ್ಚ್ 21ರಂದು, ಅದು 80,000 ಆಯಿತು. ಮುಖ್ಯಮಂತ್ರಿಯದು 75,000ದಿಂದ 1,50,000. ಎರಡು ಸಲವೂ ಸಭೆಯಲ್ಲಿ ಬೇರೆ ವಿಷಯದ ಗದ್ದಲ. ಎರಡು ಸಲವೂ ಮಸೂದೆಗಳು ಚರ್ಚೆಯಿಲ್ಲದೆ ದಾಟಿದವು. 2025ರ ಆ ದಿನವೇ 18 ಶಾಸಕರು ಅಮಾನತಾದರು. ಹೊಸ ಹೊರೆ ವರ್ಷಕ್ಕೆ ಸುಮಾರು 62 ಕೋಟಿ ರೂಪಾಯಿ ಎಂದು ಲೆಕ್ಕ. ರಾಜ್ಯದ ಆಯವ್ಯಯದಲ್ಲಿ ಅದು ಸಾಸಿವೆಯಷ್ಟು, ನಿಜ. ಆದರೆ ಸವದತ್ತಿಯ ಪೇಟೆಯಲ್ಲಿ ಕಡ್ಡಿಪೆಟ್ಟಿಗೆ ಕೊಳ್ಳುವ ಮುದುಕಿಯೂ ಅದಕ್ಕೆ ತೆರಿಗೆ ತೆತ್ತಿದ್ದಾಳೆ. ಆಕೆಗೆ ತನ್ನ ಕೂಲಿಯನ್ನು ತಾನೇ ಗೊತ್ತುಮಾಡುವ ಅಧಿಕಾರವಿಲ್ಲ.

ಬೇರೆ ದೇಶಗಳು ಇದಕ್ಕೆ ಉಪಾಯ ಹುಡುಕಿವೆ. ಅಮೇರಿಕದಲ್ಲಿ 1789ರಲ್ಲೇ ಸೂಚಿಸಿ 1992ರಲ್ಲಿ ಸಂವಿಧಾನಕ್ಕೆ ಸೇರಿದ ತಿದ್ದುಪಡಿಯಂತೆ, ಕಾಂಗ್ರೆಸ್ ಸದಸ್ಯರ ಸಂಬಳದ ಬದಲಾವಣೆ ಮುಂದಿನ ಚುನಾವಣೆಯಾಗುವವರೆಗೆ ಜಾರಿಗೆ ಬರುವಂತಿಲ್ಲ. ನಡುವೆ ಮತದಾರ ನಿಂತಿರುತ್ತಾನೆ. ಬ್ರಿಟನ್ 2009ರಲ್ಲಿ, ಸದಸ್ಯರ ಖರ್ಚುವೆಚ್ಚದ ಹಗರಣ ಬಯಲಾದ ಮೇಲೆ, ಈ ಕೆಲಸಕ್ಕೆ ಸ್ವತಂತ್ರ ಪ್ರಾಧಿಕಾರವನ್ನೇ ರಚಿಸಿತು.

ನಮ್ಮಲ್ಲಿಯೂ ಇಂಥದೊಂದು ಕಟ್ಟಳೆ ಅಸಾಧ್ಯವೇನಲ್ಲ. 2012ರಲ್ಲಿ ಬೆಳಗಾವಿಯಲ್ಲಿ ಎದ್ದ ಸುವರ್ಣ ವಿಧಾನಸೌಧ ಈ ನಾಲ್ಕೂ ಊರುಗಳಿಗೆ ದೂರವಲ್ಲ. ರಾಮದುರ್ಗದವರಿಗೆ 1939ರಲ್ಲಿ ಕೇಳುವ ಸಭೆ ಇರಲಿಲ್ಲ. ನಮಗೆ ಸಭೆಯುಂಟು, ಮತವುಂಟು. ಕೀಲಿಕೈ ಕೊಟ್ಟವರು ಲೆಕ್ಕ ಕೇಳುವುದನ್ನು ಮರೆಯದಿದ್ದರೆ ಬೇಲಿ ಬೇಲಿಯಾಗಿಯೇ ಉಳಿದೀತು.