ಕಣದ ಪಾಲು, ಪಡಿತರದ ಹಕ್ಕು

ನಮ್ಮ ಉಬ್ರಾಣಿಯಿರುವ ಚನ್ನಗಿರಿ ತಾಲ್ಲೂಕು ಇಂದು ಅಡಿಕೆಗೆ ಹೆಸರಾಗಿದೆ. ಹಿಂದೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೊಲವನ್ನೂ ಬಡವರ ಒಲೆಯನ್ನೂ ಬೆಸೆದದ್ದು ಕಣ. ಸುಗ್ಗಿಯಲ್ಲಿ ರೈತನು ಬಡಗಿ, ಕಮ್ಮಾರ, ತೋಟಿ, ತಳವಾರ ಮೊದಲಾದ ಆಯಗಾರರಿಗೆ ರಾಶಿಯಿಂದಲೇ ಪಾಲು ಅಳೆಯುತ್ತಿದ್ದನು. ಮಿಕ್ಕ ರಾಗಿ ಹಗೇವು ಸೇರುತ್ತಿತ್ತು.

ಆದರೆ ಆ ಪಾಲು ಜಾತಿಯ ಚಾಕರಿಗೆ ಕಟ್ಟುಬಿದ್ದಿತ್ತು. ಬೆಳೆ ಕೆಟ್ಟರೆ ಪಾಲೂ ಇಲ್ಲ. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ, 1876-78ರ ಭೀಕರ ಕ್ಷಾಮದ ತರುವಾಯ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಿಂದ ಪಡಿತರವು ಹಕ್ಕಾಯಿತು. ಬೆಂಬಲ ಬೆಲೆಗೆ ಕೊಂಡ ನಾಡಿನ ರಾಗಿ, ಜೋಳಗಳು ನ್ಯಾಯಬೆಲೆ ಅಂಗಡಿಗೆ ಬಂದಾಗ ಹಳೆಯ ಬೆಸುಗೆ ಮರಳಿತು, ಹಳೆಯ ದೈನ್ಯವಿಲ್ಲದೆ. ಅಡಿಕೆಯ ನಡುವೆ ರಾಗಿಗೂ ತುಸು ನೆಲವಿರಲಿ.